ಹಾಸ್ಟೆಲಿನ ನೆಗೆಟಿವ್‌ಗಳು ಮತ್ತು ಒಂದು ಮದುವೆಯ ಕ್ಯಾಸೆಟ್ಟು

ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ 1983ರಿಂದ 1986ರವರೆಗೆ ಒಟ್ಟಿಗೆ ಓದಿ, ಒಂದೇ ಹಾಸ್ಟೆಲಿನಲ್ಲಿ ಉಂಡು ಮಲಗಿದ ನಮ್ಮ ಗುಂಪಿನವರೆಲ್ಲ ಈಗ ಅರುವತ್ತರ ಆಸುಪಾಸಿನಲ್ಲಿದ್ದೇವೆ. ಬೇರೆ ಬೇರೆ ಊರುಗಳ ಕಪಾಟುಗಳಲ್ಲಿ ಚದುರಿಹೋಗಿದ್ದ ಆ ಕಾಲದ ಫೋಟೊಗಳನ್ನೂ ಅನಂತರ ಒಬ್ಬೊಬ್ಬರ ಮದುವೆಯಲ್ಲಿ ತೆಗೆಸಿದ ವಿಡಿಯೊ ಕ್ಯಾಸೆಟ್ಟುಗಳನ್ನೂ ತರಿಸಿಕೊಂಡು ಕಂಪ್ಯೂಟರಿಗೆ ಇಳಿಸುವ ಕೆಲಸವನ್ನು, ಬ್ಯಾಂಕಿನ ನೌಕರಿಯಿಂದ ನಿವೃತ್ತನಾದ ಮೇಲೆ ನಾನು ವಹಿಸಿಕೊಂಡೆ. ಹಣ ಕೊಟ್ಟರೆ ಸ್ಟುಡಿಯೊದವರೂ ಇದನ್ನು ಮಾಡಿಕೊಡುತ್ತಾರೆ, ನಿಜ. ಆದರೆ ಯಾವ ಚಿತ್ರದಲ್ಲಿ ಯಾರಿದ್ದಾರೆ, ಯಾವುದನ್ನು ಕತ್ತರಿಸದೆ ಉಳಿಸಬೇಕು ಎಂಬುದು ಅವರಿಗೆ ತಿಳಿಯುವ ಸಂಗತಿಯಲ್ಲ. ಕೆಲಸದ ಮುಕ್ಕಾಲು ಪಾಲು ಇರುವುದೂ ಅದರಲ್ಲಿಯೇ.

ಎಲ್ಲರೂ ಮೊದಲು ಕಳುಹಿಸಿದ್ದು ಆಲ್ಬಮ್‌ಗಳನ್ನು. ನಾನು ನೆಗೆಟಿವ್‌ಗಳಿಗಾಗಿ ಬೆನ್ನುಬಿದ್ದೆ. ನಮ್ಮಲ್ಲಿ ಕ್ಯಾಮೆರಾ ಇದ್ದದ್ದು ಗದಗಿನ ಗೆಳೆಯನೊಬ್ಬನ ಬಳಿ ಮಾತ್ರ. ಆಗ್ಫಾ ಕ್ಲಿಕ್ 3, ಅದಕ್ಕೆ ಊಟಿಯಲ್ಲಿ ತಯಾರಾಗುತ್ತಿದ್ದ ‘ಇಂದು’ ಕಪ್ಪುಬಿಳುಪು ರೋಲು. ಒಂದು ರೋಲಿನಲ್ಲಿ ಬರುತ್ತಿದ್ದುದು ಹನ್ನೆರಡೇ ಚಿತ್ರ. ರೋಲು ತೊಳೆಸಿದ ಮೇಲೆ ಚೆನ್ನಾಗಿ ಬಂದ ನಾಲ್ಕೈದನ್ನಷ್ಟೇ ಆರಿಸಿ, ಚಂದಾ ಎತ್ತಿ ಪ್ರಿಂಟು ಹಾಕಿಸುತ್ತಿದ್ದೆವು. ಹೀಗಾಗಿ ಆಲ್ಬಮ್‌ನಲ್ಲಿ ಉಳಿದಿರುವುದು ನಾವು ಆಗ ಒಪ್ಪಿಕೊಂಡ ಮುಖಗಳು. ನೆಗೆಟಿವ್‌ನಲ್ಲಿ ಇಡೀ ದಿನವೇ ಇದೆ. ಅಂಚಿನಲ್ಲಿರುವ ಸಂಖ್ಯೆಗಳನ್ನು ಹಿಡಿದು ಹೋದರೆ ಬೆಳಿಗ್ಗೆ ಹೊರಟದ್ದು ಯಾರು, ನಡುವೆ ಬಂದು ಸೇರಿಕೊಂಡದ್ದು ಯಾರು ಎಂಬುದೂ ಗೊತ್ತಾಗುತ್ತದೆ. ಕ್ಯಾಮೆರಾದ ಒಡೆಯ ಆಲ್ಬಮ್‌ಗಳಲ್ಲಿ ಹೆಚ್ಚುಕಡಿಮೆ ಎಲ್ಲಿಯೂ ಇಲ್ಲ. ಅವನು ಸಿಕ್ಕಿದ್ದು ಪ್ರಿಂಟು ಹಾಕಿಸದೆ ಬಿಟ್ಟ ಚಿತ್ರಗಳಲ್ಲಿ, ಅದೂ ಅಲುಗಿ ಮಸುಕಾದವುಗಳಲ್ಲಿ. ಅವನ ಕೈಯಿಂದ ಕ್ಯಾಮೆರಾ ಇಸಿದುಕೊಂಡವರಿಗೆ ಅದನ್ನು ಅಲುಗದಂತೆ ಹಿಡಿಯಲು ಬರುತ್ತಿರಲಿಲ್ಲ.

ನೆಗೆಟಿವ್‌ಗಳನ್ನು ಗಾಳಿ ಊದುವ ರಬ್ಬರ್ ಬಲ್ಬಿನಿಂದ ಧೂಳು ತೆಗೆದು, ಹಿಂದಿನಿಂದ ಬೆಳಕು ಬೀಳುವ ಸ್ಕ್ಯಾನರಿನಲ್ಲಿ 2400 ಡಿಪಿಐಗೆ (ಇಂಚಿಗೆ 2400 ಚುಕ್ಕೆ) ಇಟ್ಟು ಸ್ಕ್ಯಾನ್ ಮಾಡಿದೆ. ಮುಂದಿನ ವರ್ಷಗಳ 35 ಎಂಎಂ ಕಲರ್ ನೆಗೆಟಿವ್‌ಗೂ ಅಷ್ಟು ಸಾಕಾಯಿತು, ಒಂದು ಚಿತ್ರಕ್ಕೆ ಸುಮಾರು 77 ಲಕ್ಷ ಪಿಕ್ಸೆಲ್ ಸಿಗುತ್ತದೆ. ನೆಗೆಟಿವ್ ಕಳೆದುಹೋದ ಕಡೆ ಮಾತ್ರ ಪ್ರಿಂಟನ್ನೇ 600 ಡಿಪಿಐಗೆ ತೆಗೆದೆ. ಅಂಟು ಹಾಳೆಯ ಆಲ್ಬಮ್‌ಗಳಲ್ಲಿ ಪ್ರಿಂಟುಗಳು ಕಚ್ಚಿಕೊಂಡಿರುತ್ತವೆ. ಉಗುರಿನಿಂದ ಎತ್ತಲು ಹೋಗದೆ, ಹಲ್ಲಿನ ಸಂದಿಗೆ ಹಾಕುವ ತೆಳುದಾರವನ್ನು ಹಿಂಬದಿಯಲ್ಲಿ ನಿಧಾನವಾಗಿ ಎಳೆದು ಬಿಡಿಸಿದೆ. ಕಲರ್ ಪ್ರಿಂಟುಗಳಲ್ಲಿ ನೀಲಿ-ಹಸಿರು ಬಣ್ಣ ಮೊದಲು ಮಾಸಿ ಎಲ್ಲರ ಮುಖವೂ ಕೆಂಪಗಾಗಿತ್ತು. ಅವುಗಳಿಗಿಂತ ಹಳೆಯ ಕಪ್ಪುಬಿಳುಪು ಪ್ರಿಂಟುಗಳಿಗೆ ಏನೂ ಆಗಿರಲಿಲ್ಲ.

ಇನ್ನು ಚಿತ್ರಗಳ ಕಾಲ, ಹೆಸರು. ಬಸ್ಸು, ಸ್ಕೂಟರು ಕಂಡಲ್ಲಿ ನಂಬರ್ ಪ್ಲೇಟನ್ನು ದೊಡ್ಡದು ಮಾಡಿ ನೋಡುತ್ತಿದ್ದೆ. 1988ರ ಮೋಟಾರು ವಾಹನ ಕಾಯ್ದೆ 1989ರಲ್ಲಿ ಜಾರಿಗೆ ಬಂದ ಮೇಲೆ ‘ಕೆಎ’ ಬಂದಿತಾದ್ದರಿಂದ, ಆ ಅಕ್ಷರಗಳು ಇದ್ದರೆ ಅದು ಕಾಲೇಜಿನ ದಿನಗಳ ಚಿತ್ರವಲ್ಲವೆಂದು ನಿಶ್ಚಯವಾಗುತ್ತಿತ್ತು. ಜೋಗದ ಚಿತ್ರಗಳಲ್ಲಿ ನೀರೇ ಸಾಕ್ಷಿ: ಲಿಂಗನಮಕ್ಕಿ ಅಣೆಕಟ್ಟಾದ ಮೇಲೆ ರಾಜಾ, ರಾಣಿ, ರೋರರ್, ರಾಕೆಟ್ ನಾಲ್ಕೂ ತುಂಬಿ ಸುರಿಯುವುದು ಮಳೆಗಾಲದಲ್ಲಿ, ಬಂಡೆ ಬರಿದಾಗಿ ಕಂಡರೆ ಅದು ಪರೀಕ್ಷೆ ಮುಗಿಸಿ ಹೋದ ಬೇಸಿಗೆಯ ಪ್ರವಾಸ. ಹೆಸರುಗಳಿಗಾಗಿ ಒಂದೊಂದೇ ಚಿತ್ರವನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತಿದ್ದೆ. ಒಟ್ಟಿಗೆ ಹತ್ತು ಹಾಕಿದರೆ ಹೂವಿನ ಗುರುತುಗಳಷ್ಟೇ ಬರುತ್ತವೆ. ಒಂದೇ ಹಾಕಿದರೆ ಜಗಳ ಹತ್ತುತ್ತದೆ, ಜಗಳದಲ್ಲಿ ಹೆಸರು ಹೊರಬರುತ್ತದೆ. “ಆ ಅಂಗಿ ನಂದಲೇ, ಇಸ್ಕೊಂಡು ಹೋದಾಂವ ತಿರುಗಿ ಕೊಡಲೇ ಇಲ್ಲ” ಎಂದು ಬೆಳಗಾವಿಯ ಗೆಳೆಯನೊಬ್ಬ ಕಳಿಸಿದ ಧ್ವನಿಸಂದೇಶದಿಂದ, ಬೆನ್ನು ತಿರುಗಿಸಿ ನಿಂತಿದ್ದವನು ಯಾರೆಂಬುದು ಇತ್ಯರ್ಥವಾಯಿತು. ತಿಳಿದದ್ದನ್ನೆಲ್ಲ ಎಡದಿಂದ ಬಲಕ್ಕೆ ಬರೆದು, ವರ್ಷ ಮತ್ತು ಊರಿನೊಂದಿಗೆ ಕಡತದ ಹೆಸರಿಗೇ ಸೇರಿಸಿದೆ.

ಕ್ಯಾಸೆಟ್ಟುಗಳ ಕೆಲಸ ಬೇರೆಯೇ ತೆರನಾದದ್ದು. ಶಿರಸಿ ಸೀಮೆಯ ಗೆಳೆಯನ ಮದುವೆ ನಡೆದದ್ದು 1993ರಲ್ಲಿ, ಅವನ ಅಡಿಕೆ ತೋಟದ ಮನೆಯಂಗಳದ ಚಪ್ಪರದಲ್ಲಿ. ಅದರ ವಿಎಚ್‌ಎಸ್ ಕ್ಯಾಸೆಟ್ಟು ಕೈಗೆ ಬಂದಾಗ, ಮಲೆನಾಡಿನ ಮಳೆಗಾಲಗಳನ್ನು ಕಂಡ ಟೇಪಿನ ಅಂಚಿಗೆ ಬಿಳಿಯ ಬೂಷ್ಟು ಹಿಡಿದಿತ್ತು. ಬೂಷ್ಟು ಹಿಡಿದದ್ದನ್ನು ಹಾಗೆಯೇ ವಿಸಿಆರ್‌ಗೆ ಹಾಕಿದರೆ ಟೇಪನ್ನು ಓದುವ ಹೆಡ್ ಕೊಳೆಯಾಗುವುದಲ್ಲದೆ, ಮುಂದೆ ಹಾಕುವ ಕ್ಯಾಸೆಟ್ಟಿಗೂ ಅದು ಅಂಟುತ್ತದೆ. ಡಬ್ಬಿಯ ಐದು ಸ್ಕ್ರೂ ಬಿಚ್ಚಿ, ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ನೂಲು ಬಿಡದ ಬಟ್ಟೆಯಿಂದ ಒರೆಸಿ, ಸುರುಳಿಗಳನ್ನು ಬೇರೊಂದು ಶುಭ್ರವಾದ ಡಬ್ಬಿಗೆ ಕೂರಿಸಿದೆ. ಮೇಲೆ ಮತ್ತೆ ರೆಕಾರ್ಡ್ ಆಗದಂತೆ ಅಂಚಿನ ಚಿಕ್ಕ ಪ್ಲಾಸ್ಟಿಕ್ ಪಟ್ಟಿಯನ್ನು ಮುರಿದದ್ದಾಯಿತು. ಮೂರು ಗಂಟೆಯ ಟೇಪು ಇಳಿಯಲು ಮೂರು ಗಂಟೆಯೇ ಬೇಕು, ಅವಸರಕ್ಕೆ ಎಡೆಯಿಲ್ಲ. ಡಿವಿ (ಡಿಜಿಟಲ್ ವಿಡಿಯೊ) ರೂಪದಲ್ಲಿ ಗಂಟೆಗೆ ಸುಮಾರು 13 ಜಿಬಿ ಜಾಗ ಹಿಡಿಯಿತು.

ಆದರೆ ಆ ಕ್ಯಾಸೆಟ್ಟಿನಲ್ಲಿ ನಮ್ಮ ಮಾತು ಒಂದೂ ಇರಲಿಲ್ಲ. ಆಗಿನ ವಾಡಿಕೆಯಂತೆ ಮಿಕ್ಸಿಂಗ್‌ನಲ್ಲಿ ಮೂಲಧ್ವನಿಯನ್ನು ಅಳಿಸಿ, ಆರಂಭದಿಂದ ಕೊನೆಯವರೆಗೆ ಸಿನಿಮಾ ಹಾಡು ತುಂಬಿದ್ದರು. ಹಾರುವ ಹೃದಯಗಳು, ಗುಲಾಬಿಯೊಳಗೆ ವಧೂವರರು, ಎಲ್ಲವೂ ಇದ್ದವು. ಎಡಿಟ್ ಮಾಡುವ ಮುಂಚಿನ ಟೇಪು ಮನೆಯಲ್ಲಿ ಉಳಿದಿದೆಯೇ ನೋಡು ಎಂದು ಕೇಳಿದಾಗ, ಗೆಳೆಯನ ತಮ್ಮ ಅಟ್ಟದಿಂದ ಎರಡನ್ನು ಇಳಿಸಿ ಕಳುಹಿಸಿದ. ಅವುಗಳಲ್ಲಿ ಕ್ಯಾಮೆರಾದವರು ನಿಲ್ಲಿಸಲು ಮರೆತು ಹಾಗೆಯೇ ಓಡಿದ ಭಾಗಗಳಿವೆ, ಹ್ಯಾಲೊಜನ್ ದೀಪದ ಬೆಳಕಿಗೆ ಕಣ್ಣು ಮುಚ್ಚಿದ ಸಾಲುಸಾಲು ಜನರಿದ್ದಾರೆ, ಎಲ್ಲಕ್ಕಿಂತ ಹೆಚ್ಚಾಗಿ ಊಟದ ಪಂಕ್ತಿಯಿದೆ. ಆ ಕಡೆಯವರಲ್ಲಿ ಪಂಕ್ತಿಯಲ್ಲಿ ಕುಳಿತವರು ಶ್ಲೋಕ ಹೇಳುವ ಪದ್ಧತಿ. ಧಾರವಾಡದಿಂದ ಹೋದ ನಮ್ಮನ್ನೂ ಬಿಡದೆ ಒತ್ತಾಯಿಸಿದಾಗ, ವಿಜಾಪುರದ ಕಡೆಯ ಗೆಳೆಯ ಎದ್ದು ಸರ್ವಜ್ಞನ ತ್ರಿಪದಿಯೊಂದನ್ನು ಹೇಳಿ, ಮೂರನೆಯ ಸಾಲು ಮರೆತು, ತನ್ನದೇ ಒಂದನ್ನು ಜೋಡಿಸಿ ಕುಳಿತುಬಿಟ್ಟ. ಅವನು ತೀರಿಕೊಂಡು ಕೆಲವು ವರ್ಷಗಳಾದವು. ಎಡಿಟ್ ಆದ ಕ್ಯಾಸೆಟ್ಟಿನಲ್ಲಿಯೂ ಆ ದೃಶ್ಯವಿದೆ, ಅವನ ಬಾಯಿ ಆಡುತ್ತದೆ, ಕೇಳಿಸುವುದು ಮಾತ್ರ ಯಾರದೋ ಯುಗಳಗೀತೆ. ಮೂಲದ ತುಣುಕನ್ನು ಅವನ ಮನೆಗೆ ಕಳುಹಿಸಿದಾಗ, “ಅಪ್ಪನ ದನಿ ಇಷ್ಟು ತೆಳ್ಳಗಿತ್ತೇನ್ರೀ ಕಾಕಾ?” ಎಂದು ಅವನ ಮಗಳು ಕೇಳಿದಳು. ಇತ್ತು; ಹಾಸ್ಟೆಲಿನಲ್ಲಿ ಅದಕ್ಕಾಗಿ ಅವನನ್ನು ಸಾಕಷ್ಟು ಕಾಡಿದ್ದೆವು.

ಮಸುಕಾದ ಮುಖಗಳನ್ನು ಈಗಿನ ಆ್ಯಪ್‌ಗಳಿಂದ ಸ್ಪಷ್ಟಗೊಳಿಸು ಎಂದು ಕೆಲವರು ಹೇಳಿದರು. ಮಾಡಿ ನೋಡಿದೆ. ಹಲ್ಲು ಸಾಲಾಗಿ ಬಂದವು, ಹುಬ್ಬು ತೀಡಿದಂತಾದವು, ನಮ್ಮವರಲ್ಲದ ಯಾರೋ ಚೆಂದದ ಹುಡುಗರು ನಮ್ಮ ಅಂಗಿ ತೊಟ್ಟು ನಿಂತಿದ್ದರು. ಬಣ್ಣ, ಬೆಳಕು ಸರಿಪಡಿಸುವುದಕ್ಕಿಂತ ಮುಂದೆ ಹೋಗದಿರಲು ಅಂದೇ ತೀರ್ಮಾನಿಸಿದೆ. ಸರಿಪಡಿಸಿದ ಪ್ರತಿಯ ಪಕ್ಕದಲ್ಲಿ ಮೂಲದ ಸ್ಕ್ಯಾನೂ ಇರುತ್ತದೆ.

ವಿಸಿಆರ್ ತಯಾರಿಕೆ 2016ರಲ್ಲಿ ಜಪಾನಿನ ಫುನಾಯ್ ಕಂಪನಿಯೊಂದಿಗೆ ನಿಂತುಹೋಯಿತು. ನನ್ನ ಯಂತ್ರದ ಹೆಡ್ ಸವೆದರೆ ಇನ್ನೊಂದು ಹಳೆಯ ಯಂತ್ರವನ್ನೇ ಹುಡುಕಬೇಕಾದ್ದರಿಂದ, ಫೋಟೊಗಳನ್ನು ಸದ್ಯಕ್ಕೆ ಬದಿಗಿಟ್ಟು ಕ್ಯಾಸೆಟ್ಟುಗಳನ್ನೇ ಮುಗಿಸುತ್ತಿದ್ದೇನೆ. ಪ್ರತಿಗಳು ಎರಡು ಹಾರ್ಡ್ ಡಿಸ್ಕಿನಲ್ಲಿವೆ, ಒಂದು ನನ್ನಲ್ಲಿ, ಇನ್ನೊಂದು ಬೆಂಗಳೂರಿನ ಗೆಳೆಯನಲ್ಲಿ. ಮುಂದಿನ ಸರದಿ ಹಾವೇರಿಯವನ ಮದುವೆಯದು. ಎಡಿಟ್ ಆಗದ ಟೇಪು ಇದ್ದರೆ ಅದನ್ನೇ ಕೊಡು ಎಂದು ಹೇಳಿ ಕಳುಹಿಸಿದ್ದೇನೆ. “ಹುಡುಕ್ತೀನಿ, ತಡೀಪಾ, ಅವಸರ ಮಾಡಬ್ಯಾಡ” ಎಂದಿದ್ದಾನೆ.