ಕಡಲ ಪಕ್ಕದ ಮನೆಯಲ್ಲಿ ಪ್ಯಾಕೆಟ್ ಉಪ್ಪಿನ ಕಡಲು

ಉರ್ವದ ನಮ್ಮ ಮನೆಯಿಂದ ಸುಲ್ತಾನ್ ಬತ್ತೇರಿ ದೂರವೇನಲ್ಲ. ಅಲ್ಲಿ ದೋಣಿ ಹತ್ತಿದರೆ ಆಚೆ ದಡ ತಣ್ಣೀರುಬಾವಿ, ಅದನ್ನು ದಾಟಿದರೆ ಕಡಲು. ಇಷ್ಟು ಹತ್ತಿರ ಕಡಲಿಟ್ಟುಕೊಂಡು, ಮನೆಯಲ್ಲಿ ಹವಳ, ಮೀನು ಸಾಕುವ ಟ್ಯಾಂಕಿಗೆ ಪ್ಯಾಕೆಟ್ ಉಪ್ಪಿನಿಂದ ಕಡಲ ನೀರು ಮಾಡುತ್ತೇನೆ ಎಂದರೆ ಯಾರಿಗಾದರೂ ನಗು ಬರುತ್ತದೆ. ನಾನೂ ಮೊದಲು ನಕ್ಕವನೇ. ಎರಡು ಕ್ಯಾನ್ ಹಿಡಿದುಕೊಂಡು ದೋಣಿ ಹತ್ತಿದ್ದೆ.

ಅದು ಸೆಪ್ಟೆಂಬರ್. ಹಿಂದಿನ ರಾತ್ರಿಯಿಡೀ ಮಳೆ. ತಂದ ನೀರಿನ ಎರಡು ಹನಿಯನ್ನು ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರ್ ಗಾಜಿನ ಮೇಲೆ ಬಿಟ್ಟು ಬೆಳಕಿಗೆ ಹಿಡಿದರೆ ಸಾಂದ್ರತೆ 1.019. ಹವಳಕ್ಕೆ ಬೇಕಾದದ್ದು 1.025 ಅಥವಾ 1.026, ಅಂದರೆ ಕೆಜಿ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು. ನೇತ್ರಾವತಿ, ಫಲ್ಗುಣಿ ಎರಡೂ ನಮ್ಮ ಅಳಿವೆ ಬಾಗಿಲಲ್ಲೇ ಕಡಲು ಸೇರುವುದಲ್ವಾ, ಮಳೆಗಾಲದಲ್ಲಿ ದಡದ ನೀರಲ್ಲಿ ಹೊಳೆಯ ಪಾಲೂ ಇರುತ್ತದೆ. ಕ್ಯಾನಿನ ತಳದಲ್ಲಿ ಬೆರಳ ದಪ್ಪ ಕೆಸರು ಬೇರೆ. ಆ ನೀರು ತೆಂಗಿನ ಬುಡಕ್ಕೆ ಹೋಯಿತು.

ಟ್ಯಾಂಕ್ 24 ಇಂಚು ಉದ್ದ, 16 ಅಗಲ, 16 ಎತ್ತರ. ಹೆಚ್ಚುಕಡಿಮೆ 100 ಲೀಟರ್. ಇದಕ್ಕಿಂತ ಚಿಕ್ಕದು ಸುಲಭ ಅಂದುಕೊಳ್ಳಬೇಡಿ. ನೀರು ಕಡಿಮೆ ಇದ್ದಷ್ಟೂ ಉಪ್ಪು, ಬಿಸಿ ಎಲ್ಲ ಬೇಗ ಏರುಪೇರಾಗುತ್ತದೆ. ನೀರಿನ ಭಾರವೇ 100 ಕೆಜಿ, ಮೇಲೆ ಕಲ್ಲು ಮರಳು ಗಾಜು. ಟಿವಿ ಸ್ಟ್ಯಾಂಡ್ ಮೇಲೆ ಇಡುವ ಆಸೆ ಬಿಟ್ಟು ಕಬ್ಬಿಣದ ಸ್ಟ್ಯಾಂಡ್ ಮಾಡಿಸಿದೆ. ಹೀಟರ್ ಕೂಡ ತಂದಿದ್ದೆ. ಮಂಗಳೂರಿನಲ್ಲಿ ಹೀಟರ್! ಅದು ಇವತ್ತಿಗೂ ಡಬ್ಬಿಯಲ್ಲೇ ಇದೆ.

ನೀರಿಗೆ ನಮ್ಮ ಬಾವಿ ಉಂಟಲ್ಲ ಅಂದುಕೊಂಡೆ. ಕುಡಿಯಲು ಬಹಳ ಒಳ್ಳೆ ನೀರು. ಆದರೆ ಮುರಕಲ್ಲು ಕೊರೆದ ಬಾವಿ, ಕಬ್ಬಿಣದ ಅಂಶ ಇದ್ದೇ ಇರುತ್ತದೆ. ಅಡುಗೆಮನೆಯ ಆರ್‌ಒ ನೀರಿಗೆ ಕರಗಿದ ಖನಿಜ ಅಳೆಯುವ ಟಿಡಿಎಸ್ ಮೀಟರ್ ಅದ್ದಿದರೆ 46. ರುಚಿಗೆಂದು ಆ ಮೆಷಿನ್ನೇ ಸ್ವಲ್ಪ ಖನಿಜ ವಾಪಸ್ ಬೆರೆಸುತ್ತದಂತೆ. ಅದನ್ನು ತಪ್ಪಿಸಿ, ಪೈಪಿನ ತುದಿಗೆ ಉಳಿದ ಖನಿಜವನ್ನೂ ಹಿಡಿದಿಡುವ ಡಿಐ ರೆಸಿನ್ ಕಾರ್ಟ್ರಿಜ್ ಸೇರಿಸಿದ ಮೇಲೆ ಮೀಟರ್ ಸೊನ್ನೆ ತೋರಿಸಿತು. ಆ ನೀರಿಗೆ ಲೀಟರಿಗೆ ಸುಮಾರು 38 ಗ್ರಾಂ ರೀಫ್ ಸಾಲ್ಟ್, ಅಂದರೆ ಹವಳದ ಟ್ಯಾಂಕಿಗೆಂದೇ ಮಾಡಿದ ಉಪ್ಪು. ಪ್ಯಾಕೆಟ್ ಉಪ್ಪಿನಲ್ಲೇ ಸ್ವಲ್ಪ ನೀರಿನಂಶ ಇರುವುದರಿಂದ 35 ಸಾಲುವುದಿಲ್ಲ. ಡ್ರಮ್ಮಿನಲ್ಲಿ ಚಿಕ್ಕ ಪಂಪ್ ಹಾಕಿ ರಾತ್ರಿಯಿಡೀ ತಿರುಗಲು ಬಿಡುತ್ತೇನೆ. ಅಡುಗೆ ಉಪ್ಪು ಆಗುವುದಿಲ್ಲ. ಹವಳಕ್ಕೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲ ಬೇಕು.

ಕಲ್ಲಿನ ವಿಷಯದಲ್ಲಿ ಒಂದು ಮಾತು ಖಡಾಖಂಡಿತ. ಪರಿಚಯದವರೊಬ್ಬರು "ನೇತ್ರಾಣಿ ಕಡೆಯಿಂದ ಜೀವಂತ ಕಲ್ಲು ತರಿಸಿಕೊಡ್ತೇನೆ" ಎಂದರು. ಬೇಡವೇ ಬೇಡ ಎಂದೆ. ಜೀವಂತ ಕಲ್ಲು ಅಂದರೆ ಜೀವಿಗಳು ಅಂಟಿಕೊಂಡ ಹವಳದ ಕಲ್ಲು. ಗಟ್ಟಿ ಹವಳಗಳು 1972ರ ವನ್ಯಜೀವಿ ಕಾಯ್ದೆಯ ಮೊದಲ ಶೆಡ್ಯೂಲಿನಲ್ಲಿವೆ. ಹುಲಿ ಇರುವ ಪಟ್ಟಿಯೇ ಅದು. ಒಣ ಕಲ್ಲು 10 ಕೆಜಿ ತಂದೆ, ಜೊತೆಗೆ ಅರಾಗೊನೈಟ್ ಎನ್ನುವ ಸುಣ್ಣದ ಮರಳು.

ಒಣ ಕಲ್ಲಿನಲ್ಲಿ ಮೀನಿನ ಹೊಲಸಿನ ವಿಷ ಕಳೆಯುವ ಬ್ಯಾಕ್ಟೀರಿಯಾ ಇರುವುದಿಲ್ಲ, ಬೆಳೆಸಬೇಕು. ಅದಕ್ಕೆ ಮೊದಲು ಏನಾದರೂ ಕೊಳೆತು ಅಮೋನಿಯಾ ಹುಟ್ಟಬೇಕು, ಅದೇ ಅವುಗಳ ಊಟ. ಮಾರ್ಕೆಟ್ಟಿನಿಂದ ತಂದ ಸಿಗಡಿಯಲ್ಲಿ ದೊಡ್ಡದೊಂದನ್ನು ಆರಿಸಿ, ಬಲೆಯ ಚೀಲದಲ್ಲಿ ಕಟ್ಟಿ ಟ್ಯಾಂಕಿಗೆ ಇಳಿಬಿಟ್ಟೆ. ಅಮ್ಮ ನೋಡಿಯೇ ಬಿಟ್ಟರು.

"ಎಂತ ಮಾರಾಯ ಅದು? ತಿನ್ನುವ ಸಿಗಡಿಯನ್ನು ಕೊಳೆಯಲಿಕ್ಕೆ ಹಾಕಿದ್ದಾ?"

"ಮೀನು ಬರುವ ಮೊದಲು ಹೀಗೆ ಮಾಡ್ಬೇಕಮ್ಮ."

"ಬೂತಾಯಿ ತಲೆ ಇತ್ತಲ್ಲ, ಅದನ್ನು ಹಾಕ್ಲಿಕ್ಕೆ ಆಗ್ತಿರ್ಲಿಲ್ವಾ?"

ಅಮ್ಮ ಹೇಳಿದ್ದು ಸರಿಯೇ. ಅಮೋನಿಯಾಕ್ಕೆ ಸಿಗಡಿಯೇ ಆಗಬೇಕೆಂದಿಲ್ಲ. ಆದರೆ ಬೂತಾಯಿಯ ಎಣ್ಣೆ ನೀರಿನ ಮೇಲೆ ಪದರ ಕಟ್ಟಿದರೆ ಕಷ್ಟ. ನಾಲ್ಕನೇ ದಿನ ವಾಸನೆ ಹಾಲ್ ತುಂಬಿತು. ಸಿಗಡಿ ತೆಗೆದೆ. ಟೆಸ್ಟ್ ಕಿಟ್ಟಿನ ಟ್ಯೂಬ್ ಹಳದಿ ಇದ್ದದ್ದು ಕಡು ಹಸಿರಾಗಿತ್ತು, ಅಂದರೆ ಅಮೋನಿಯಾ ಬಂದಿದೆ. ಎರಡನೇ ವಾರದ ಕೊನೆಗೆ ಹಸಿರು ತಿಳಿಯಾಗುತ್ತ ಬಂತು, ನೈಟ್ರೈಟ್ ಏರಿತು. ಒಂದು ಬಗೆಯ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ಅದನ್ನು ನೈಟ್ರೇಟ್ ಮಾಡುತ್ತದೆ. ಎರಡನೆಯದು ಬೆಳೆಯುವುದು ನಿಧಾನ. ಐದು ವಾರ ನಾನು ಖಾಲಿ ನೀರಿಗೆ ಲೈಟ್ ಹಾಕಿಕೊಂಡು ಕೂತಿದ್ದೆ. ಬಂದವರೆಲ್ಲ "ಮೀನೆಲ್ಲಿ?" ಎಂದು ಕೇಳುವವರೇ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿದ ದಿನ ಅರ್ಧ ನೀರು ಬದಲಿಸಿದೆ. ನಡುವೆ ಕಲ್ಲಿನ ಮೇಲೆಲ್ಲ ಕಂದು ಪಾಚಿ ಬಂದಿತ್ತು. ಸುಮ್ನೆ ಬಿಟ್ಟೆ, ತಾನೇ ಹೋಯಿತು.

ಮೀನು ಎರಡೇ, ಸಾಕಣೆಯಲ್ಲಿ ಹುಟ್ಟಿದ ಕ್ಲೌನ್ ಮೀನಿನ ಜೋಡಿ. ಇವು ಹುಟ್ಟುವಾಗ ಎಲ್ಲವೂ ಗಂಡೇ. ಜೋಡಿಯಲ್ಲಿ ಯಾವುದು ಜೋರೋ ಅದು ಹೆಣ್ಣಾಗಿ ದೊಡ್ಡದಾಗುತ್ತದೆ. ಹವಳ ಅಂದರೆ ಝೋವ, ಮಶ್ರೂಮ್ ಎನ್ನುವ ಮೆತ್ತನೆಯವು ಮಾತ್ರ. ಕ್ಲೌನ್ ಮೀನು ಆಸರೆ ಪಡೆಯುವ ಅನಿಮೋನಿ ಎಂಬ ಕಡಲಜೀವಿಯನ್ನು ತರಲು ಕೈ ತುರಿಸುತ್ತಿತ್ತು, ತಡೆದುಕೊಂಡೆ. ವರ್ಷವಾದರೂ ಕಳೆಯದ ಟ್ಯಾಂಕಿನಲ್ಲಿ ಅದು ಉಳಿಯುವುದು ಕಷ್ಟ.

ನನ್ನ ದೊಡ್ಡ ತಪ್ಪು ಹವಳ ತಂದ ಮೊದಲ ತಿಂಗಳಲ್ಲೇ ಆಯಿತು. ನೀರು ಆರಿ ಕಡಿಮೆಯಾದಾಗೆಲ್ಲ ಡ್ರಮ್ಮಿನ ಉಪ್ಪು ನೀರನ್ನೇ ತುಂಬುತ್ತಿದ್ದೆ. ಮೂರು ವಾರಕ್ಕೆ ಅಳತೆ 1.029. ಝೋವ ಎಲ್ಲ ಮುಚ್ಚಿಕೊಂಡಿದ್ದವು. ನೀರು ಆರುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ಸಾಣಿಕಟ್ಟಾದ ಉಪ್ಪಿನ ಗದ್ದೆ ನೋಡಿದವನಿಗೆ ಇಷ್ಟು ಹೊಳೆಯಲಿಲ್ಲ! ಈಗ ಗಾಜಿನ ಮೇಲೆ ಮಾರ್ಕರಿನಲ್ಲಿ ಗೆರೆ ಎಳೆದಿದ್ದೇನೆ. ಬೆಳಿಗ್ಗೆ ಗೆರೆಯ ತನಕ ಸಿಹಿ ನೀರು, ಅಷ್ಟೇ.

ಬೇಸಿಗೆ ಇನ್ನೊಂದು ಕತೆ. ಹವಳಕ್ಕೆ 25ರಿಂದ 27 ಡಿಗ್ರಿ ಹಿತ. ಏಪ್ರಿಲಿನ ಮಧ್ಯಾಹ್ನ ನನ್ನ ಟ್ಯಾಂಕ್ 30.5. ನೀರಿನ ಮೇಲೆ ಫ್ಯಾನ್ ಬಿಟ್ಟರೆ ತಣ್ಣಗಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಬೆಂಗಳೂರಿನ ಗೆಳೆಯನಿಗೆ ಮೂರು ಡಿಗ್ರಿ ಇಳಿಯುತ್ತದಂತೆ. ನನಗೆ ಕಷ್ಟಪಟ್ಟು ಒಂದೂವರೆ. ನಮ್ಮ ಗಾಳಿಯಲ್ಲೇ ಅಷ್ಟು ತೇವ, ನೀರು ಆರುವುದಾದರೂ ಎಲ್ಲಿಗೆ? ಒಗೆದ ಬಟ್ಟೆಯದೂ ಅದೇ ಪಾಡಲ್ವಾ. ಲೈಟನ್ನು ಸಂಜೆ ನಾಲ್ಕರಿಂದ ರಾತ್ರಿ ಹನ್ನೊಂದಕ್ಕೆ ಬದಲಿಸಿದೆ. ಗಾಜಿನ ಮುಚ್ಚಳ ತೆಗೆದು, ಮೀನು ಹಾರದ ಹಾಗೆ ಸೊಳ್ಳೆ ಪರದೆಯ ಬಲೆ ಬಿಗಿದೆ. ಇಷ್ಟಕ್ಕೆ 28.5ರಲ್ಲಿ ನಿಂತಿತು. ಒಂದು ಝೋವ ಗುಂಪು ಕರಗಿಯೇ ಹೋಯಿತು. ನೀರು ತಣ್ಣಗಿಡುವ ಚಿಲ್ಲರ್ ಬೆಲೆ ಟ್ಯಾಂಕಿಗಿಂತ ಜಾಸ್ತಿ, ಇನ್ನೂ ಲೆಕ್ಕ ಹಾಕುತ್ತಲೇ ಇದ್ದೇನೆ.

ಜೂನಿನಲ್ಲಿ ಸೆಕೆ ಇಳಿಯಿತು, ಕರೆಂಟ್ ಹೋಗಲು ಶುರುವಾಯಿತು. ಒಂದು ರಾತ್ರಿ ಹನ್ನೊಂದಕ್ಕೆ ಎಲ್ಲೋ ಮರ ಬಿದ್ದು ಲೈನ್ ಹೋಯಿತು. ಇನ್ವರ್ಟರ್ ಒಂದು ಗಂಟೆಗೆ ಕೈ ಕೊಟ್ಟಿತು. ಪಂಪ್ ನಿಂತರೆ ನೀರಿನಲ್ಲಿ ಆಮ್ಲಜನಕ ಕಡಿಮೆಯಾಗುತ್ತ ಹೋಗುತ್ತದೆ. ನೀರನ್ನು ಮೊಗೆದು ಎತ್ತರದಿಂದ ಸುರಿಯುತ್ತಿದ್ದರೆ ಗಾಳಿ ಬೆರೆಯುತ್ತದೆ. ಕತ್ತಲಲ್ಲಿ ಅಮ್ಮ ಎದ್ದು ಬಂದು ತಾಮ್ರದ ಚೊಂಬು ಕೈಗಿಟ್ಟರು.

"ಅಯ್ಯೋ ಅಮ್ಮ, ಅದು ಬೇಡ! ತಾಮ್ರ ಹವಳಕ್ಕೆ ವಿಷ."

ಅಮ್ಮ ಮಾತಾಡದೆ ಒಳಗೆ ಹೋಗಿ ಪ್ಲಾಸ್ಟಿಕ್ ಜಗ್ ತಂದು, ಮೊಬೈಲ್ ಟಾರ್ಚ್ ಹಿಡಿದು ಕುರ್ಚಿಯಲ್ಲಿ ಕೂತರು. ಹತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಸಲ ಸುರಿಯುವುದು. ಕರೆಂಟ್ ಬಂದಾಗ ಮೂರೂವರೆ. ಅಷ್ಟರಲ್ಲಿ ಅಮ್ಮ ಕುರ್ಚಿಯಲ್ಲೇ ನಿದ್ದೆ ಹೋಗಿದ್ದರು, ಟಾರ್ಚ್ ಮಾತ್ರ ಟ್ಯಾಂಕಿನ ಕಡೆಗೇ ಇತ್ತು.