ನಮೀಬಿಯಾ ಮರಳುಗಾಡಿಗೆ ಗುಂಪಾಗಿ ಬೈಕಿನಲ್ಲಿ: ಕೊನೆಯಲ್ಲಿ ಬರುವವನ ಸಲಹೆ

ನಮ್ಮ ಗುಂಪಿನಲ್ಲಿ ಕಟ್ಟಕಡೆಯ ಬೈಕು ನನ್ನದು. ಸ್ವೀಪ್ ಅಂತೀವಿ. ಯಾರ ಟೈರು ಇಳಿದಿದೆ, ಯಾರ ಲಗೇಜು ಸಡಿಲವಾಗಿದೆ, ಯಾರಿಗೆ ಸುಸ್ತಾಗಿದೆ ಎಂದು ಮೊದಲು ಕಾಣುವುದು ನನಗೇ. ನಮೀಬಿಯಾಗೆ ಹೊರಡುವ ಗೆಳೆಯರಿಗೆ ನಾನು ಹೇಳುವುದೆಲ್ಲ ಆ ಜಾಗದಿಂದ ನೋಡಿ ಕಲಿತದ್ದು.

ಮೇ ತಿಂಗಳಿಂದ ಸೆಪ್ಟೆಂಬರ್ ಒಳಗೆ ಹೋಗಿ. ಮಳೆ ಇರುವುದಿಲ್ಲ, ಹಗಲು ಹಿತವಾಗಿರುತ್ತದೆ. ಆದರೆ ಜೂನ್, ಜುಲೈ ರಾತ್ರಿಗಳಲ್ಲಿ ಒಳನಾಡಿನಲ್ಲಿ ತಾಪಮಾನ ಸೊನ್ನೆಯ ಹತ್ತಿರ ಇಳಿಯಬಹುದು. ಮರಳುಗಾಡು ಅಂದರೆ ಸೆಕೆ ಎಂದುಕೊಂಡು ತೆಳು ಸ್ಲೀಪಿಂಗ್ ಬ್ಯಾಗ್ ತಂದವರು ಬೆಳಗಿನ ಜಾವ ಬೆಂಕಿ ಕಾಯಿಸಿಕೊಳ್ಳುತ್ತಾ ಕೂರುತ್ತಾರೆ. ನಿದ್ದೆಗೆಟ್ಟ ಸವಾರ ಮರುದಿನ ಮಧ್ಯಾಹ್ನ ಬೀಳುತ್ತಾನೆ. ಒಳ್ಳೆಯ ಬ್ಯಾಗಿಗೆ ದುಡ್ಡು ಹಾಕಿ.

ದಾರಿ ಹೀಗಿರಲಿ: ವಿಂಡ್‌ಹುಕ್‌ನಿಂದ ಸ್ಪ್ರೀಟ್ಸ್‌ಹೂಗ್ಟೆ ಘಾಟಿ ಇಳಿದು ಸಾಲಿಟೇರ್, ಅಲ್ಲಿಂದ ಸೆಸ್ರಿಯಮ್. ಮತ್ತೆ ಸಾಲಿಟೇರ್‌ಗೆ ಬಂದು ಸಿ14 ರಸ್ತೆಯಲ್ಲಿ ಕುಯ್ಸೆಬ್ ಘಾಟಿ ದಾಟಿ ವಾಲ್ವಿಸ್ ಬೇ, ಸ್ವಾಕೊಪ್‌ಮುಂಡ್. ಆಮೇಲೆ ಸ್ಪಿಟ್ಸ್‌ಕೊಪ್ಪೆ, ಊಯಿಸ್, ಟ್ವೈಫೆಲ್‌ಫೊಂಟೈನ್, ಪಾಮ್‌ವಾಗ್. ನಮ್ಮಲ್ಲಿಯ ಹಾಗೆ ಅಲ್ಲೂ ಎಡಗಡೆ ಸಂಚಾರ. ಅಂತರರಾಷ್ಟ್ರೀಯ ಲೈಸೆನ್ಸ್ ಜೊತೆಗಿರಲಿ.

ಒಂದು ಸಂಗತಿ ಹೊರಡುವ ಮೊದಲೇ ಗುಂಪಿಗೆ ತಿಳಿಸಿ. ಎಟೋಶಾ ರಾಷ್ಟ್ರೀಯ ಉದ್ಯಾನದೊಳಗೆ ಬೈಕಿಗೆ ಪ್ರವೇಶವಿಲ್ಲ. ಸೆಸ್ರಿಯಮ್ ಗೇಟಿನಿಂದ ಸೊಸಸ್‌ವ್ಲೇಯ ಮರಳುದಿಬ್ಬಗಳ ಕಡೆಗೂ ಬೈಕು ಬಿಡುವುದಿಲ್ಲ. ಬೈಕು ಕ್ಯಾಂಪಿನಲ್ಲಿ ನಿಲ್ಲಿಸಿ, ಬೆಳಗಿನ ಜೀಪಿಗೆ ಹಿಂದಿನ ದಿನವೇ ಸೀಟು ಹಿಡಿಯಿರಿ. ಗೇಟಿನ ಮುಂದೆ ಬೇಸರ ಮಾಡಿಕೊಳ್ಳುವುದು ತಪ್ಪುತ್ತದೆ.

ಈಗ ಧೂಳು. ಅಲ್ಲಿನ ಜಲ್ಲಿ ರಸ್ತೆಯಲ್ಲಿ ಒಂದು ಬೈಕು ಎಬ್ಬಿಸಿದ ಧೂಳು ಗಾಳಿಯಿಲ್ಲದ ದಿನ ನಿಮಿಷಗಟ್ಟಲೆ ನಿಂತಿರುತ್ತದೆ. ಅದರೊಳಗೆ ನುಗ್ಗಿದರೆ ಎದುರಿನ ಲಾರಿ ಕಾಣದು, ಗುಂಡಿಯೂ ಕಾಣದು. ಹಾಗಾಗಿ ಮುಂದಿನವನ ಧೂಳು ಇಳಿಯುವವರೆಗೆ ಕಾಯಬೇಕು. ಕಿಲೋಮೀಟರ್ ಅಂತರವಾದರೂ ಸರಿ. ‘ಅಷ್ಟು ದೂರ ಬಿಟ್ಟರೆ ದಾರಿ ತಪ್ಪಲ್ವಾ?’ ಎಂದು ಎಲ್ಲರೂ ಕೇಳುತ್ತಾರೆ. ಅದಕ್ಕೇ ತಿರುವಿನ ಪದ್ಧತಿ ಇದೆ. ಕವಲು ಬಂದಾಗ ನಾಯಕನ ಹಿಂದಿರುವ ಸವಾರ ಅಲ್ಲೇ ನಿಲ್ಲುತ್ತಾನೆ. ಎಲ್ಲರಿಗೂ ದಾರಿ ತೋರಿಸುತ್ತಾನೆ. ಸ್ವೀಪ್ ಬರುವವರೆಗೆ ಕದಲುವುದಿಲ್ಲ. ಆಮೇಲೆ ನನ್ನ ಮುಂದೆ ಸೇರಿಕೊಳ್ಳುತ್ತಾನೆ. ಬಿಸಿಲಿದ್ದರೂ, ಫೋಟೋ ತೆಗೆಯುವ ಆಸೆಯಾದರೂ ಜಾಗ ಬಿಡಬಾರದು. ಹಲವು ಕಡೆ ಮೊಬೈಲ್ ಸಿಗ್ನಲ್ ಇಲ್ಲ. ತಿರುವಿನಲ್ಲಿ ನಿಂತ ಗೆಳೆಯನೇ ನಿಮ್ಮ ನಕ್ಷೆ.

ಜಲ್ಲಿ ರಸ್ತೆಯಲ್ಲಿ 80 ಕಿಮೀ ವೇಗ ಸಾಕು. ಟೈರಿನ ಗಾಳಿ 25 ಪಿಎಸ್‌ಐ ಆಸುಪಾಸಿಗೆ ಇಳಿಸಿ. ಆಳವಾದ ಮರಳು ಸಿಕ್ಕರೆ ಟ್ಯೂಬ್‌ಲೆಸ್ ಟೈರಿಗೆ 18ರವರೆಗೂ ಇಳಿಸಬಹುದು. ಟ್ಯೂಬ್ ಇದ್ದರೆ ಅಷ್ಟು ಬೇಡ, ಕಲ್ಲಿಗೆ ರಿಮ್ ಬಡಿದು ಟ್ಯೂಬ್ ಹರಿಯುತ್ತದೆ. ಮರಳಿನಲ್ಲಿ ಎದ್ದು ನಿಂತು, ಭಾರ ಹಿಂದಕ್ಕೆ ಹಾಕಿ, ಹ್ಯಾಂಡಲ್ ಸಡಿಲವಾಗಿ ಹಿಡಿದು, ದೂರ ನೋಡುತ್ತಾ ಒಂದೇ ಸಮನೆ ಆಕ್ಸಿಲರೇಟರ್ ಕೊಡಿ. ಹೆದರಿ ಆಕ್ಸಿಲರೇಟರ್ ಬಿಟ್ಟರೆ ಮುಂದಿನ ಚಕ್ರ ಹೂತುಕೊಳ್ಳುತ್ತದೆ. ಡಾಂಬರಿಗೆ ಬಂದ ಕೂಡಲೇ ಗಾಳಿ ತುಂಬಿಸಿ. ಪಂಪು ಮತ್ತು ಪಂಕ್ಚರ್ ಕಿಟ್ ನನ್ನ ಹತ್ತಿರ ಒಂದು ಸೆಟ್, ನಾಯಕನ ಹತ್ತಿರ ಒಂದು.

ಪೆಟ್ರೋಲ್ ಲೆಕ್ಕ ಸುಲಭ. ಸಾಲಿಟೇರ್‌ನಿಂದ ವಾಲ್ವಿಸ್ ಬೇಗೆ ಸುಮಾರು 230 ಕಿಮೀ, ನಡುವೆ ಬಂಕ್ ಇಲ್ಲ. 13 ಲೀಟರ್ ಟ್ಯಾಂಕು, ಲೀಟರಿಗೆ 20 ಕಿಮೀ ಅಂದರೆ ಕಾಗದದ ಮೇಲೆ 260. ಎದುರುಗಾಳಿ ಬೀಸಿದರೆ, ಮರಳು ಸಿಕ್ಕರೆ ಆ 30 ಕಿಮೀ ಕರಗಿಹೋಗುತ್ತದೆ. ಬೈಕಿಗೆ ಐದು ಲೀಟರ್ ಹೆಚ್ಚುವರಿ ಇರಲೇಬೇಕು. ಬಂಕ್ ಕಂಡಲ್ಲೆಲ್ಲ ತುಂಬಿಸಿ. ನಗದು ಇಟ್ಟುಕೊಳ್ಳಿ. ದಕ್ಷಿಣ ಆಫ್ರಿಕಾದ ರಾಂಡ್ ಕೂಡ ಅಲ್ಲಿ ನಡೆಯುತ್ತದೆ.

ನೀರು ತಲೆಗೆ ದಿನಕ್ಕೆ ಆರು ಲೀಟರ್, ಕುಡಿಯಲು ಮತ್ತು ಅಡುಗೆಗೆ. ಜೊತೆಗೆ ಒಂದು ಪಿಕಪ್ ವಾಹನ ಇದ್ದರೆ ತುಂಬಾ ಒಳ್ಳೆಯದು. ಅಲ್ಲಿಯವರು ಅದನ್ನು ಬಕ್ಕಿ ಅನ್ನುತ್ತಾರೆ. ನೀರು, ಡೇರೆ, ಕೆಟ್ಟುನಿಂತ ಬೈಕು, ಗಾಯಗೊಂಡ ಸವಾರ ಎಲ್ಲಕ್ಕೂ ಅದೇ ಆಧಾರ. ನಾವು ಅವಲಕ್ಕಿ, ಹುರಿದ ರವೆ, ಶೇಂಗಾ ಚಟ್ನಿಪುಡಿ ಮನೆಯಿಂದ ಒಯ್ಯುತ್ತೇವೆ. ದಣಿದ ಸಂಜೆ ಬೇಗ ಆಗುವ ಉಪ್ಪಿಟ್ಟಿಗಿಂತ ಒಳ್ಳೆಯ ಊಟ ನನಗೆ ಗೊತ್ತಿಲ್ಲ. ಸೌದೆಯನ್ನು ಕೊಂಡುಕೊಳ್ಳಿ, ಬಿದ್ದ ಕಟ್ಟಿಗೆ ಎಂದು ಆರಿಸಬೇಡಿ. ಆ ನೆಲದಲ್ಲಿ ಒಣಗಿದ ಕೊಂಬೆಯೂ ಎಷ್ಟೋ ಜೀವಿಗಳ ಮನೆ.

ಸೂರ್ಯ ಮುಳುಗುವುದಕ್ಕೆ ಒಂದು ಗಂಟೆ ಮುಂಚೆ ಡೇರೆ ಹಾಕಿ ಮುಗಿದಿರಬೇಕು. ಮುಸ್ಸಂಜೆಗೆ ಕುಡು ಜಿಂಕೆಗಳು ರಸ್ತೆಗೆ ಹಾರುತ್ತವೆ. ಅವು ದೊಡ್ಡ ಪ್ರಾಣಿಗಳು, ಬೈಕಿಗೆ ಡಿಕ್ಕಿಯಾದರೆ ಇಬ್ಬರೂ ಉಳಿಯುವುದು ಕಷ್ಟ. ಒಣಗಿದ ನದಿಯ ಪಾತ್ರದಲ್ಲಿ ಮಾತ್ರ ಮಲಗಬೇಡಿ. ಮರಳು ಮೆತ್ತಗೆ, ಮರದ ನೆರಳು, ಎಲ್ಲಾ ಚೆನ್ನಾಗಿಯೇ ಕಾಣುತ್ತದೆ. ಆದರೆ ಹುವಾಬ್, ಉಗಾಬ್ ನದಿಗಳ ಪಾತ್ರವೇ ಮರುಭೂಮಿ ಆನೆಗಳ ಓಡಾಟದ ದಾರಿ. ದೂರದಲ್ಲೆಲ್ಲೋ ಮಳೆಯಾದರೆ ನೀರೂ ಅಲ್ಲೇ ನುಗ್ಗುತ್ತದೆ. ಬೂಟುಗಳನ್ನು ಡೇರೆಯೊಳಗೇ ಇಡಿ. ನರಿಗಳು ಕಚ್ಚಿಕೊಂಡು ಹೋಗುತ್ತವೆ. ಬೆಳಿಗ್ಗೆ ಚೇಳಿದೆಯೇ ಎಂದು ಕೊಡವಿ ನೋಡಿಯೇ ಕಾಲು ಹಾಕಿ.

ಸ್ವಾಕೊಪ್‌ಮುಂಡ್‌ನಿಂದ ಉತ್ತರಕ್ಕೆ ಸಾಗುವಾಗ ರಸ್ತೆಯ ಪಕ್ಕದ ಬಯಲು ಖಾಲಿ ಅನ್ನಿಸುತ್ತದೆ. ಖಾಲಿಯಲ್ಲ. ಸಮುದ್ರದ ಮಂಜು ಕುಡಿದು ಬದುಕುವ ಕಲ್ಲುಹೂವು ಆ ನೆಲದ ಮೇಲೆಲ್ಲ ಹರಡಿದೆ. ಒಮ್ಮೆ ಚಕ್ರ ಹರಿಸಿದರೆ ಆ ಗುರುತು ದಶಕಗಟ್ಟಲೆ ಉಳಿಯುತ್ತದೆ. ಈ ಒಂದು ವಿಷಯದಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ. ರಸ್ತೆ ಬಿಟ್ಟು ಬಯಲಿಗೆ ಬೈಕು ಇಳಿಸಿದವರು ಮುಂದಿನ ಊರಿನಿಂದ ಬಕ್ಕಿಯಲ್ಲಿ ಕೂತು ಬರಬೇಕು. ಇದನ್ನು ಹೊರಡುವ ಮೊದಲೇ ಎಲ್ಲರಿಂದಲೂ ಒಪ್ಪಿಸಿಕೊಳ್ಳಿ.