ಸಿಂಧನೂರಿನ ಬಿಸಿಲಿಗೆ ಸ್ಟೀಲ್ ಕ್ಯಾನ್: ನನ್ನ ಅನುಭವ

"ತಮ್ಮಾ, ಈ ಕ್ಯಾನ್ ಎಷ್ಟು ವರ್ಷದ್ದಪಾ?"

ಹೆರಿಗೆ ಆಸ್ಪತ್ರೆಯ ನರ್ಸ್ ಅಕ್ಕ ಕೇಳಿದ್ದು ಇಷ್ಟೇ. ನನ್ನ ಹತ್ತಿರ ಉತ್ತರ ಇರಲಿಲ್ಲ. ಸಿಂಧನೂರಿನಲ್ಲಿ ಕುಡಿಯುವ ನೀರಿನ ಕ್ಯಾನ್ ತುಂಬುವ ಪ್ಲಾಂಟ್ ಹಾಕಿ ಆಗ ಏಳು ವರ್ಷ. ಮೊದಲ ವರ್ಷ ಕೊಂಡ ನೀಲಿ ಕ್ಯಾನ್‌ಗಳು ಇನ್ನೂ ಓಡುತ್ತಿದ್ದವು. ಒಳಗೆಲ್ಲ ಗೀರು, ಹೊರಗೆ ಮಬ್ಬು. ತಳ ತಿರುಗಿಸಿ ನೋಡಿದರೆ ಪ್ಲಾಸ್ಟಿಕ್ ಬಗೆ ಹೇಳುವ ತ್ರಿಕೋನದಲ್ಲಿ 7, ಅಂದರೆ 'ಇತರೆ'. ನಮ್ಮವು ಪಾಲಿಕಾರ್ಬೊನೇಟ್, ಅಂದರೆ ಬಿಸ್ಫಿನಾಲ್ ಎ ಹಾಕಿಯೇ ಮಾಡುವ ಪ್ಲಾಸ್ಟಿಕ್.

ಆ ರಾತ್ರಿ ಓದುತ್ತ ಕೂತೆ. ಬಿಸ್ಫಿನಾಲ್ ಎ ಒಳಗೆ ಹೋದರೆ ದೇಹ ಅದನ್ನು ಈಸ್ಟ್ರೋಜನ್ ಹಾರ್ಮೋನ್ ಅಂತಲೇ ತಿಳಿಯುತ್ತದಂತೆ. ಇದು 1936ರಲ್ಲೇ ಗೊತ್ತಾಗಿತ್ತು. ನನ್ನ ನಿದ್ದೆ ಕೆಡಿಸಿದ್ದು ಇಲಿಗಳ ಕಥೆ. 1998ರಲ್ಲಿ ಅಮೆರಿಕದ ಪೆಟ್ರಿಷಿಯಾ ಹಂಟ್ ಅವರ ಲ್ಯಾಬಿನಲ್ಲಿ ಪಾಲಿಕಾರ್ಬೊನೇಟ್ ಪಂಜರಗಳನ್ನು ಯಾರೋ ನೆಲ ತೊಳೆಯುವ ಖಾರವಾದ ಕ್ಷಾರದಿಂದ ತೊಳೆದರು. ಪ್ಲಾಸ್ಟಿಕ್ ಸವೆದು ಬಿಸ್ಫಿನಾಲ್ ಎ ಬಿಟ್ಟುಕೊಂಡಿತು. ಹೆಣ್ಣಿಲಿಗಳ ಅಂಡಾಣುಗಳಲ್ಲಿ ಕ್ರೋಮೋಸೋಮ್ ಏರುಪೇರಾದವು.

ನಾವು ಕ್ಯಾನ್ ತೊಳೆಯುವುದು ಯಾವುದರಿಂದ? ಕಾಸ್ಟಿಕ್ ಸೋಡಾ, ಬಿಸಿನೀರು. ಪಾಚಿ ಹೋಗಲಿ ಅಂತ ನಾನು ಎಲ್ಲರಿಗಿಂತ ಒಂದು ಮುಷ್ಟಿ ಜಾಸ್ತಿಯೇ ಹಾಕಿಸುತ್ತಿದ್ದೆ. ಅದೇ ಕ್ಯಾನ್ ಬಸುರಿಯರ ವಾರ್ಡಿಗೆ ಹೋಗುತ್ತಿತ್ತು. ಅದರ ಮೇಲೆ ನಮ್ಮ ಮೇ ತಿಂಗಳ ಬಿಸಿಲು.

ಇದೇ ವ್ಯಾಪಾರದ ಗೆಳೆಯರಿಗೆ ಸ್ಟೀಲ್ ಕ್ಯಾನ್ ವಿಚಾರ ಹೇಳಿದೆ. "ಇಪ್ಪತ್ತೈದು ರೂಪಾಯಿ ನೀರಿಗೆ ಸ್ಟೀಲ್ ಕ್ಯಾನಾ? ತಲಿ ಕೆಟ್ಟದೇನಲೇ?" ಅಂದರು. ಕ್ಯಾನ್ ನೀರೇ ಬೇಡ ಅನ್ನೋಕೆ ಆಗಲ್ಲ. ಬೋರಿನಲ್ಲಿ ಫ್ಲೋರೈಡ್ ಇರುವ ಊರುಗಳು ನಮ್ಮ ಸುತ್ತಮುತ್ತ ಎಷ್ಟಿವೆ ಅಂತ ನಿಮಗೂ ಗೊತ್ತು. ಬದಲಾಗಬೇಕಿದ್ದದ್ದು ಕ್ಯಾನ್.

ಮೊದಲು ಪೆಟ್ (ಸಣ್ಣ ನೀರಿನ ಬಾಟಲಿಯ ಪ್ಲಾಸ್ಟಿಕ್) ಜಾರ್ ತಂದೆ, ಸುಮಾರು 120. ಒಂದೇ ಬಿಸಿನೀರಿನ ತೊಳೆತಕ್ಕೆ ಸೊಟ್ಟಗಾದವು. ತಣ್ಣೀರಲ್ಲಿ ತೊಳೆದರೆ ವಾಸನೆ ಹೋಗಲಿಲ್ಲ. ಹದಿನೆಂಟು ಸಾವಿರದ ಹತ್ತಿರ ಹೋಯಿತು. ವ್ಯಾಪಾರಿಯೊಬ್ಬ 'ಬಿಪಿಎ ಫ್ರೀ', ಅಂದರೆ ಬಿಸ್ಫಿನಾಲ್ ಎ ಇಲ್ಲದ ಕ್ಯಾನ್ ತೋರಿಸಿದ. ಎ ಬದಲು ಏನು ಹಾಕಿದ್ದೀರಿ ಅಂದರೆ ಅವನಿಗೂ ಗೊತ್ತಿಲ್ಲ. ಬಿಸ್ಫಿನಾಲ್ ಎಸ್ ಹಾಕಿದ್ದರೆ ಅದೂ ಹಾರ್ಮೋನಿನ ತಂಟೆಗೆ ಹೋಗುವಂಥದ್ದೇ. ಬೇಡ ಅಂದೆ.

ಆಮೇಲೆ ಸ್ಟೀಲ್. ಚೀಟಿ ಎತ್ತಿ 60 ಕ್ಯಾನ್ ತಂದೆ. 304 ಗ್ರೇಡ್ ಅಂತ ಬಿಲ್ಲಿನಲ್ಲಿ ಬರೆದಿತ್ತು, ಅಂದರೆ ಸುಲಭಕ್ಕೆ ತುಕ್ಕು ಹಿಡಿಯದ, ಮ್ಯಾಗ್ನೆಟ್‌ಗೆ ಅಂಟದ ಒಳ್ಳೆ ಸ್ಟೀಲ್. ಮ್ಯಾಗ್ನೆಟ್ ಹಚ್ಚಿ ನೋಡಿದೆ, ಹಿಡಿಯಲಿಲ್ಲ. ಖುಷಿಯಾದೆ. ನಾಲ್ಕೇ ತಿಂಗಳಿಗೆ ವೆಲ್ಡಿಂಗ್ ಹತ್ತಿರ ತುಕ್ಕಿನ ಚುಕ್ಕೆ ಎದ್ದವು! ಅದು ಬೇಗ ತುಕ್ಕು ಹಿಡಿಯುವ ಅಗ್ಗದ 202 ಗ್ರೇಡ್. ಮ್ಯಾಗ್ನೆಟ್ ಅದನ್ನೂ ಹಿಡಿಯುವುದಿಲ್ಲ ಅಂತ ಆಗ ಗೊತ್ತಾಯಿತು. ಐವತ್ತು ಸಾವಿರದ ಮೇಲೆ ನೀರಲ್ಲಿ ಹೋಯಿತು. ಮನೆಯಲ್ಲಿ ಎರಡು ದಿನ ಮಾತಿಲ್ಲ. ಸ್ಟೀಲ್ ಪರೀಕ್ಷೆಯ ದ್ರವ ಸಿಗುತ್ತದೆ. ಎರಡು ಹನಿ ಹಾಕಿ 9 ವೋಲ್ಟ್ ಬ್ಯಾಟರಿ ಮುಟ್ಟಿಸಿ. ಕೆಂಪಾದರೆ 202, ವಾಪಸ್ ಕಳಿಸಿ. ಈಗ ಪ್ರತಿ ಕ್ಯಾನಿಗೂ ಹಾಗೇ ಮಾಡುತ್ತೇನೆ. ಪಾಸಾದದ್ದರ ತಳಕ್ಕೆ ತಿಂಗಳು, ವರ್ಷ ಪಂಚ್ ಮಾಡಿಸುತ್ತೇನೆ.

ಹಾಗೇ ನೀರು ತುಂಬುವ ಕಡೆ ನೋಡಿದೆ. ಮೆತ್ತನೆಯ ಪಿವಿಸಿ ಪೈಪ್. ಅದನ್ನು ಮೆತ್ತಗೆ ಮಾಡಲು ಸಾಮಾನ್ಯವಾಗಿ ಹಾಕುವುದು ಥಾಲೇಟ್, ಅದೂ ಹಾರ್ಮೋನಿನ ತಂಟೆಗೆ ಹೋಗುವಂಥದ್ದೇ. ಕ್ಯಾನ್ ಬದಲಿಸಿ ಪೈಪ್ ಬಿಟ್ಟರೆ ಏನು ಬಂತು? ಸಿಲಿಕೋನ್ ಪೈಪ್ ಹಾಕಿದೆ. ಮುಚ್ಚಳದ ವಾಷರ್ ಕೂಡ ಬದಲಾಯಿತು. ರಬ್ಬರ್ ವಾಸನೆ ಬರದ ವಾಷರ್ ಹುಡುಕಲು ಆರು ತಿಂಗಳು ಹಿಡಿಯಿತು. ಎಲ್ಲಿಂದ ತರಿಸುತ್ತೇನೆ, ಎಷ್ಟು ದಪ್ಪ ಅನ್ನುವುದು ಸದ್ಯ ನನ್ನ ಹತ್ತಿರವೇ ಇರಲಿ.

ಹೈದರಾಬಾದಿನ ಲ್ಯಾಬಿಗೆ ಎರಡು ಸ್ಯಾಂಪಲ್ ಕಳಿಸಿದೆ. ಒಂಬತ್ತು ಸಾವಿರ ಆಯಿತು ಅಂತ ನೆನಪು. ಮೂರು ದಿನ ಬಿಸಿಲಿಗಿಟ್ಟ ಹಳೆ ಕ್ಯಾನಿನ ನೀರಲ್ಲಿ ಬಿಸ್ಫಿನಾಲ್ ಎ ಸಿಕ್ಕಿತು, ಸ್ಟೀಲಿನದರಲ್ಲಿ ಇಲ್ಲ. ಸಿಕ್ಕಿದ್ದು ಸ್ವಲ್ಪವೇ. ಅಷ್ಟಕ್ಕೇನು ಅಂದವರಿದ್ದಾರೆ. ಒಂದು ಲೋಟ ಕುಡಿದ ಮಾತ್ರಕ್ಕೆ ಏನೂ ಆಗುವುದಿಲ್ಲ, ನಿಜ. ನಮ್ಮ ಗಿರಾಕಿಗಳು ಕುಡಿಯುವುದು ದಿನಾ, ವರ್ಷಗಟ್ಟಲೆ. ಹೊಟ್ಟೆಯಲ್ಲಿರುವ ಕೂಸಿಗೆ ಹಾರ್ಮೋನ್ ಎಳ್ಳಷ್ಟೇ ಸಾಕು. ದಿನಕ್ಕೆ ಎಷ್ಟು ಬಿಸ್ಫಿನಾಲ್ ಎ ಒಳಗೆ ಹೋಗಬಹುದು ಅನ್ನುವ ತನ್ನ ಹಳೆ ಮಿತಿಯನ್ನು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2023ರಲ್ಲಿ 20,000 ಪಟ್ಟು ಇಳಿಸಿತು. ಸುಮ್ನೆ ಇಳಿಸ್ತಾರಾ?

ನಡುವೆ ಇನ್ನೊಂದು ಪ್ರಯೋಗ. ಸ್ಟೀಲಿನ ನೀರು ಬಿಸಿ ಅಂತ ದೂರು ಬಂತು. ಮಧ್ಯಾಹ್ನ ಎರಡಕ್ಕೆ ಆಟೋದಲ್ಲಿ ಥರ್ಮಾಮೀಟರ್ ಇಳಿಸಿದೆ. ಕಪ್ಪು ತಾಡಪಾಲಿನ ಕೆಳಗೆ ನೀರು 45 ಡಿಗ್ರಿ ಹತ್ತಿರ. ಭತ್ತದ ಗೋಣಿಚೀಲ ಕತ್ತರಿಸಿ, ಕ್ಯಾನಿಗೆ ಅಂಗಿಯಂತೆ ಹೊಲಿಸಿ, ನೆನೆಸಿ ಕಳಿಸಿದೆ. 32-33ಕ್ಕೆ ಇಳಿಯಿತು. ಒಂದು ಅಂಗಿಗೆ ಹದಿನೈದು ರೂಪಾಯಿ. ಈಗ ಕ್ಯಾನಿಗಿಂತ ಜಾಸ್ತಿ ಹೆಸರು ಅಂಗಿಗೇ ಬಂದಿದೆ. ಮಸ್ಕಿಯಿಂದಲೂ ನೋಡಲು ಬಂದಿದ್ದರು.

ಲೆಕ್ಕ ಹೀಗಿದೆ. ಒಳ್ಳೆ ಕ್ಯಾನಿಗೆ 1,600ರ ಆಸುಪಾಸು, ಡಿಪಾಸಿಟ್ 600. ನೀರಿಗೆ 35 ರೂಪಾಯಿ. ಮೊದಲು ಬಂದದ್ದು ಆಸ್ಪತ್ರೆ ಮತ್ತು ಒಂಬತ್ತು ಮನೆ. ಒಂದೂವರೆ ವರ್ಷ ಕೈಯಿಂದಲೇ ಹಾಕಿದೆ. ಈಗ 210ರ ಮೇಲೆ ಕ್ಯಾನ್ ಓಡುತ್ತಿವೆ. ನೀಲಿ ಕ್ಯಾನ್ ತಿಂಗಳಿಗೆ ಹತ್ತಾದರೂ ಒಡೆಯುತ್ತಿದ್ದವು. ಇವು ನೆಗ್ಗುತ್ತವೆ, ಒಡೆಯುವುದಿಲ್ಲ. ತಲಿ ಕೆಟ್ಟದೇನಲೇ ಅಂದವರಲ್ಲಿ ಇಬ್ಬರು ಹೋದ ತಿಂಗಳು ನನ್ನ ಮೂಲಕವೇ 40 ಕ್ಯಾನ್ ತರಿಸಿದ್ದಾರೆ.

ಇನ್ನು ಮದುವೆ ಆರ್ಡರ್. ಬಿಸಿಲಲ್ಲಿ ಬಿದ್ದ ಸಣ್ಣ ಬಾಟಲಿ ಪೆಟ್ಟಿಗೆಗಳ ಬದಲು ನಲ್ಲಿ ಇರುವ ಸ್ಟೀಲ್ ಡ್ರಮ್, ಸ್ಟೀಲ್ ಲೋಟ. ಗಂಗಾವತಿ ಕಡೆ ಎರಡು ಮದುವೆಗೆ ಕೊಟ್ಟೆ. ನೀರಿಗೆ ತೊಂದರೆ ಆಗಲಿಲ್ಲ. ಲೋಟ ಮಾತ್ರ ಮೂವತ್ತು ಕಡಿಮೆ ಬಂದವು. ಮುಂದಿನ ಸಲ ಲೋಟ ತೊಳೆಯುವವರನ್ನು ನಾನೇ ಕಳಿಸುತ್ತೇನೆ.